ಕಸದ ಬುಟ್ಟಿಯ ಜಮಾಖರ್ಚು

ಗೃಹಕೃತ್ಯದ ಜಮಾಖರ್ಚನ್ನು ಬರೆದಿಡುವ ಪದ್ಧತಿಯು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದದ್ದಾದರೂ, ಕೊಂಡ ಪದಾರ್ಥಕ್ಕೆ ಕೊಟ್ಟ ಹಣವನ್ನು ಪೈಸೆ ಬಿಡದೆ ನಮೂದಿಸುತ್ತಿದ್ದ ಆ ಪುಸ್ತಕದಲ್ಲಿ, ಕೊಂಡುದರ ಯಾವ ಭಾಗವು ಉಪಯೋಗಕ್ಕೆ ಬಾರದೆ ಹೊರಗೆ ಹೋಯಿತೆಂಬುದಕ್ಕೆ ಸ್ಥಳವೇ ಇರಲಿಲ್ಲ. ಖರ್ಚಿನ ಮಗ್ಗುಲಲ್ಲಿ ‘ವ್ಯರ್ಥ’ವೆಂಬ ಮತ್ತೊಂದು ಅಂಕಣವನ್ನು ಎಳೆದು, ಕೊಳೆತ ಟೊಮ್ಯಾಟೊ, ಹಳಸಿದ ಅನ್ನ, ಹುಳು ಬಿದ್ದ ಬೇಳೆ ಇವುಗಳ ಮುಂದೆ ಕೊಂಡ ಬೆಲೆಯನ್ನೇ ಬರೆಯತೊಡಗಿದ ಮೇಲೆ, ಕಸವೆಂದರೆ ಪೌರಕಾರ್ಮಿಕರಿಗೆ ಸಂಬಂಧಿಸಿದ ವಿಷಯವೆಂದು ನಂಬಿದ್ದ ನಮ್ಮ ಮಂದಿಗೆ, ಅದು ಸ್ವಂತ ಕಿಸೆಗೂ ಸಂಬಂಧಿಸಿದ್ದೆಂಬುದು ಯಾರ ಉಪದೇಶವೂ ಇಲ್ಲದೆ ಮನದಟ್ಟಾಯಿತು. ದಿನವೊಂದಕ್ಕೆ ಹತ್ತು ರೂಪಾಯಿಯ ಪದಾರ್ಥ ಬುಟ್ಟಿಗೆ ಬೀಳುವ ಮನೆಯಲ್ಲಿ ತಿಂಗಳಿಗೆ 300 ರೂಪಾಯಿ ಹೋಗುತ್ತದೆ. ಅಷ್ಟನ್ನೇ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಕಟ್ಟುತ್ತ ಬಂದರೆ, ಬಡ್ಡಿಯ ಮಾತು ಬಿಟ್ಟು, ಅಸಲೇ 18,000 ರೂಪಾಯಿಯಾಗುತ್ತದೆ.

ರಾಯಚೂರು ಸೀಮೆಯ ನಮ್ಮ ಬಳಗಾನೂರಿನಂಥ ಊರಿನಲ್ಲಿ, ಸುತ್ತಲೂ ತುಂಗಭದ್ರಾ ಎಡದಂಡೆ ನಾಲೆಯ ಕೃಪೆಯಿಂದ ಭತ್ತದ ಗದ್ದೆಗಳು ಹಬ್ಬಿರುವ ಸೀಮೆಯಲ್ಲಿ, ಅತ್ಯಂತ ನಿರ್ಲಕ್ಷ್ಯದಿಂದ ಚೆಲ್ಲಲ್ಪಡುವ ವಸ್ತು ಅನ್ನವೇ ಎಂಬುದು ವಿಚಿತ್ರವಾದರೂ ಸತ್ಯ. ಹೊಲದಿಂದ ಚೀಲಗಟ್ಟಲೆ ಮನೆಗೆ ಬರುವ ಸೋನಾ ಮಸೂರಿಗೆ ಬೆಲೆಯುಂಟೆಂದು ಉಣ್ಣುವಾಗ ಯಾರಿಗೂ ಹೊಳೆಯುವುದಿಲ್ಲ. ಆದರೆ ಒಂದು ಕಿಲೋ ಭತ್ತ ಬೆಳೆಯಲು ಗದ್ದೆಗೆ, ಮಳೆಯೂ ಸೇರಿ, ಸರಾಸರಿ 2,500 ಲೀಟರ್ ನೀರು ಬೇಕೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕ ಹೇಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ, ಸಂಗ್ರಹಿಸಿದ್ದ ನೀರು ಹೊಳೆಗೆ ಹರಿಯತೊಡಗಿದಾಗ, ನಾಲೆಯ ಕೆಳಭಾಗದ ರೈತರು ಪಟ್ಟ ಸಂಕಟವನ್ನು ಕಂಡವರಿಗೆ ಆ ನೀರಿನ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಅದೇ ನೀರು ಅನ್ನದ ರೂಪದಲ್ಲಿ ಮುಸುರೆಯ ಬಕೆಟ್ಟಿಗೆ ಬೀಳುವಾಗ ಮಾತ್ರ ನಾವು ನಿಶ್ಚಿಂತರಾಗಿರುತ್ತೇವೆ. 2022ರಲ್ಲಿ ಜಗತ್ತಿನಾದ್ಯಂತ ವ್ಯರ್ಥವಾದ ಆಹಾರ 105 ಕೋಟಿ ಟನ್ನೆಂದೂ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿಯೇ ಹಾಳಾದುದೆಂದೂ ವಿಶ್ವಸಂಸ್ಥೆಯ ವರದಿಯು ತಿಳಿಸಿದೆ.

ಅನ್ನ ವ್ಯರ್ಥವಾಗುವುದಕ್ಕೆ ನಮ್ಮ ಮನೆಯಲ್ಲಿ ದೊರೆತ ಪರಿಹಾರ ಒಂದು ಪ್ರಶ್ನೆಯಷ್ಟೇ. “ಎಷ್ಟ್ ಮಂದಿ ಉಣ್ತೀರಂತ ಮೊದ್ಲ ಹೇಳ್ರಿ, ಆಮ್ಯಾಲ ಎಸರಿಡ್ತೀನಿ” ಎಂದು ಮನೆಯಾಕೆ ಪ್ರತಿ ಸಂಜೆ ಕೇಳತೊಡಗಿದಳು. ಇಷ್ಟರ ಮೇಲೂ ಮಿಕ್ಕ ಅನ್ನವನ್ನು ಬೇಸಿಗೆಯಲ್ಲಿ ಉಪ್ಪು ಜೀರಿಗೆಯೊಡನೆ ನಾದಿ ಮಾಳಿಗೆಯ ಮೇಲೆ ಸಂಡಿಗೆಯಿಟ್ಟರೆ, ನಮ್ಮ ರಾಯಚೂರು ಸೀಮೆಯ ಬಿಸಿಲು ಒಣಗಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಜೋಳದ ರೊಟ್ಟಿಯ ವಿಷಯದಲ್ಲಿ ನಮ್ಮ ಹಿರಿಯರು ಇನ್ನೂ ಜಾಣರು. ಒಣಗಿಸಿಟ್ಟ ಕಟಿರೊಟ್ಟಿಯು ಬಹುಕಾಲ ಕೆಡುವುದಿಲ್ಲವಾದ್ದರಿಂದ ಅದು ನನ್ನ ‘ವ್ಯರ್ಥ’ದ ಅಂಕಣದಲ್ಲಿ ಇದುವರೆಗೂ ಕಾಣಿಸಿಕೊಂಡಿಲ್ಲ.

ಸಿಪ್ಪೆ, ದಂಟು, ಚಹದ ಚರಟಗಳಿಗಾಗಿ ಹಿತ್ತಲಿನ ಬೇವಿನ ಮರದಡಿ ಒಂದು ಸಣ್ಣ ಗುಂಡಿ ತೋಡಿದೆವು. ತಿಪ್ಪೆಗುಂಡಿಯಿಲ್ಲದ ಮನೆಯೇ ಇಲ್ಲದಿದ್ದ ಊರಿನಲ್ಲಿ ಇದೊಂದು ಹೊಸ ಸಾಹಸವೆಂದು ಹೇಳಿಕೊಳ್ಳುವುದು ನಗೆಗೀಡಾಗುವ ಸಂಗತಿ. ಬೇಸಿಗೆಯಲ್ಲಿ ಗುಂಡಿಯು ಬತ್ತಿ ಒಳಗಿನದು ಕೊಳೆಯದೆ ಒಣಗಿಬಿಡುವುದರಿಂದ ಅಕ್ಕಿ ತೊಳೆದ ನೀರನ್ನು ಅದಕ್ಕೆ ಚಿಮುಕಿಸಬೇಕು; ಮಳೆಗಾಲದಲ್ಲಿ ನಾರದಂತೆ ಒಣ ಎಲೆಗಳನ್ನು ಮೇಲೆ ಹರಡಬೇಕು. ಹಸಿ, ಒಣ ಹಾಗೂ ಅಪಾಯಕಾರಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸತಕ್ಕದ್ದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಹಸಿಯದು ಹಿತ್ತಲಿಗೆ ಹೋದ ಮನೆಯಲ್ಲಿ ಆ ನಿಯಮದ ಬಹುಭಾಗವು ಪಾಲಿಸಲ್ಪಟ್ಟಂತೆಯೇ.

ಪರಿಸರದ ಹೆಸರಿನಲ್ಲಿ ಬಿದಿರಿನ ಬ್ರಷ್ಷು, ತಾಮ್ರದ ಬಾಟಲಿ, ಚಿತ್ರವಿಚಿತ್ರವಾದ ಚೀಲಗಳನ್ನು ಮಾರುವ ಹೊಸ ವ್ಯಾಪಾರವನ್ನು ಮಾತ್ರ ನಾನು ನಂಬಲಾರೆ. ಮನೆಯಲ್ಲಿ ನಾಲ್ಕು ಕೈಚೀಲಗಳು ಮೊಳೆಗೆ ತೂಗುತ್ತಿರುವಾಗ ಐದನೆಯದನ್ನು ಕೊಳ್ಳುವುದು ಖರ್ಚೇ ಹೊರತು ಉಳಿತಾಯವಲ್ಲ. ಹಳೆಯ ನೂಲಿನ ಸೀರೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ದಾರವೆಳೆದು ಹೊಲಿದ ಕೌದಿಯು ಚಳಿಗಾಲಕ್ಕೂ ಬೇಸಿಗೆಗೂ ಒದಗುತ್ತದೆ, ಹೊಲಿಗೆಯ ಕೂಲಿಯ ಹೊರತು ಬೇರೆ ಖರ್ಚಿಲ್ಲ. ಪಾಲಿಯೆಸ್ಟರ್ ಸೀರೆಗಳಾದರೋ ಸೂಜಿಯಡಿ ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ಆದಕಾರಣ ಸೀರೆ ಕೊಳ್ಳುವಾಗಲೇ ಅದರ ಕೌದಿಯ ಜನ್ಮವನ್ನೂ ಯೋಚಿಸುವುದು ನಮ್ಮಲ್ಲಿ ರೂಢಿಯಾಗಿದೆ.

ಮಿತವ್ಯಯವೂ ಕಸದ ಕಡಿತವೂ ಎಲ್ಲ ಕಡೆಯೂ ಜೊತೆಯಾಗಿ ನಡೆಯುತ್ತವೆಂದು ಹೇಳಿದರೆ ಅದು ಅಪ್ರಾಮಾಣಿಕತೆಯಾದೀತು. ಶಾಂಪೂವಿನ ಸಣ್ಣ ಪ್ಯಾಕೆಟ್ಟುಗಳನ್ನು ಮಿಲಿಲೀಟರಿಗೆ ಇಷ್ಟೆಂದು ಲೆಕ್ಕಹಾಕಿದರೆ, ಅವು ಎಷ್ಟೋ ವೇಳೆ ದೊಡ್ಡ ಬಾಟಲಿಗಿಂತ ಅಗ್ಗವಾಗಿಯೇ ಬೀಳುತ್ತವೆ. ಬರಿದಾದ ಪ್ಯಾಕೆಟ್ಟುಗಳು ಮಾತ್ರ ಚರಂಡಿಯನ್ನು ಸೇರಿ ಮೊದಲ ಮಳೆಗೇ ನೀರನ್ನು ಬೀದಿಗೆ ತರುತ್ತವೆ. ನಾನು ಬಾಟಲಿಯನ್ನೇ ಕೊಳ್ಳುತ್ತೇನೆ. ಹೆಚ್ಚಿಗೆ ತಗಲುವ ನಾಲ್ಕಾರು ರೂಪಾಯಿಗಳನ್ನು ದಾನಧರ್ಮದ ಬಾಬತ್ತಿಗೆ ಬರೆಯಬೇಕೆಂದು ಮನೆಯಾಕೆಯ ವಾದ. ಚರಂಡಿ ತೆಗೆಸುವ ಖರ್ಚಿಗೆ ಸೇರಬೇಕೆಂದು ನನ್ನದು.