ದುಡಿಯುವವನ ಗುರಿ, ಸಂಸ್ಥೆಯ ಗುರಿ



ಬೆಳಗಿನ ಪಾಳಿ ಆರಂಭವಾಗುವ ಹೊತ್ತಿನಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲೋ ಕಾಮಾಕ್ಷಿಪಾಳ್ಯದ ಶೆಡ್ಡುಗಳ ಮುಂದೆಯೋ ಸ್ವಲ್ಪ ಹೊತ್ತು ನಿಂತು ನೋಡಿ. ಊಟದ ಡಬ್ಬಿ ಹಿಡಿದವರು ಒಬ್ಬರ ಹಿಂದೊಬ್ಬರು ಅವಸರದಲ್ಲಿ ಹೋಗುತ್ತಿರುತ್ತಾರೆ. ಅವರಲ್ಲೊಬ್ಬರನ್ನು ‘ಯಾತಕ್ಕಾಗಿ ದುಡಿಯುತ್ತೀರಿ?’ ಎಂದು ಕೇಳಿದರೆ ಏನು ಹೇಳುತ್ತಾರೆ? ಮಗಳ ಶಾಲೆಯ ಫೀಸು, ತಾಯಿಯ ಔಷಧಿ, ಮನೆ ಬಾಡಿಗೆ. ಅದೇ ಶೆಡ್ಡಿನ ಮಾಲೀಕರನ್ನು ಕೇಳಿದರೆ ಉತ್ತರ ಬೇರೆ. ಆರ್ಡರು ಹೊತ್ತಿಗೆ ಮುಗಿಯಬೇಕು, ಮಾಲು ತಿರಸ್ಕಾರವಾಗಬಾರದು, ಬ್ಯಾಂಕಿನ ಕಂತು ಕಟ್ಟಬೇಕು.

ಎರಡೂ ಉತ್ತರಗಳು ನ್ಯಾಯವಾದವೇ. ಆದರೆ ಅವೆರಡು ಒಂದೇ ಅಲ್ಲ. ಒಂದೇ ಛಾವಣಿಯ ಕೆಳಗೆ ಎರಡು ಗುರಿಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತರೆ ಆ ಸಂಸ್ಥೆಯ ಗತಿಯೇನು? ಅವುಗಳನ್ನು ಕೂಡಿಸುವ ಹೊಣೆ ಯಾರದು? ನಮ್ಮ ಮನೆಗಳಿಂದಲೇ ನೂರಾರು ಮಂದಿ ಗಾರ್ಮೆಂಟ್ಸಿಗೆ, ವರ್ಕ್‌ಶಾಪಿಗೆ, ಕಚೇರಿಗೆ ಹೋಗುತ್ತಿರುವಾಗ ಈ ಪ್ರಶ್ನೆಯನ್ನು ನಾವು ಯೋಚಿಸದೆ ಬಿಡುವಂತಿಲ್ಲ.

ಗಂಧದ ಮರ ಕಲಿಸಿದ ಪಾಠ

ನಮ್ಮ ಕಣ್ಣೆದುರಿನ ಒಂದು ಉದಾಹರಣೆಯಿಂದ ಆರಂಭಿಸೋಣ. ರಾಜಾಜಿನಗರದ ಅಂಚಿನಲ್ಲಿ ಸೋಪ್ ಫ್ಯಾಕ್ಟರಿ ಇದೆ. ಅದರ ಹೆಸರಿನಲ್ಲಿ ಈಗ ಮೆಟ್ರೋ ನಿಲ್ದಾಣವೂ ಇದೆ. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಗಂಧದ ಕೊರಡುಗಳನ್ನು ಯೂರೋಪಿಗೆ ಕಳುಹಿಸುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ, ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಕೆಲಸ ಆರಂಭವಾಯಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸಾಬೂನು ಬಂತು. 1957ರಲ್ಲಿ ಕಾರ್ಖಾನೆ ಇಂದಿನ ಸ್ಥಳಕ್ಕೆ ಬಂತು. 1980ರಲ್ಲಿ ಮೈಸೂರು, ಶಿವಮೊಗ್ಗಗಳ ಗಂಧದೆಣ್ಣೆ ಕಾರ್ಖಾನೆಗಳೂ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮವಾಯಿತು.

ಈ ಕಾರ್ಖಾನೆಗೆ ಗಂಧ ಬೇಕು. ಗಂಧ ಬೆಳೆಯುವುದು ರೈತನ ಹೊಲದಲ್ಲಿ, ಬೇಲಿಯಲ್ಲಿ, ಕಾಡಿನಲ್ಲಿ. ಆದರೆ ಟಿಪ್ಪು ಸುಲ್ತಾನರ ಕಾಲದಿಂದ ಬಂದ ಪದ್ಧತಿಯಂತೆ ಗಂಧದ ಮರ ರಾಜ್ಯದ ಸ್ವತ್ತು. ಹೊಲ ರೈತನದು, ಅದರಲ್ಲಿ ಹುಟ್ಟಿದ ಗಂಧದ ಮರ ಮಾತ್ರ ಸರ್ಕಾರದ್ದು! ಮರ ಕಳುವಾದರೆ ವಿಚಾರಣೆ ಬರುತ್ತಿದ್ದದ್ದು ರೈತನ ಬಾಗಿಲಿಗೆ. ಸಸಿ ಕಾಣಿಸಿದ ಕೂಡಲೇ ಕಿತ್ತು ಹಾಕಿದವರೂ ಇದ್ದರು. ಅವರನ್ನು ದೂರುವುದು ಸುಲಭ. ಆದರೆ ತನಗೆ ಹೊಣೆ ಮಾತ್ರ ಇದ್ದು ಫಲ ಇಲ್ಲದ ಮರವನ್ನು ಯಾರು ತಾನೇ ಪ್ರೀತಿಯಿಂದ ಸಾಕಿಯಾರು? ಕಳ್ಳಸಾಗಣೆಯೂ ಸೇರಿ ಗಂಧ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿತು.

2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನೆಂದು ಮಾಡಲಾಯಿತು. ಆಮೇಲೆ ನಿಗಮವೂ ಗಂಧ ಬೆಳೆಯಲು ರೈತರಿಗೆ ಪ್ರೋತ್ಸಾಹ ಕೊಡತೊಡಗಿತು. ಕೀಳುತ್ತಿದ್ದ ಸಸಿಯನ್ನು ರೈತರು ನೆಡತೊಡಗಿದರು. ಮರ ಅದೇ, ಮಣ್ಣು ಅದೇ. ಬದಲಾದದ್ದು ಒಂದೇ: ರೈತನ ಒಳಿತೂ ಕಾರ್ಖಾನೆಯ ಒಳಿತೂ ಒಂದೇ ದಾರಿಗೆ ಬಂದವು.

ಓದುಗರೇ, ಉಪದೇಶದಿಂದ ಆಗದ್ದು ನ್ಯಾಯವಾದ ಏರ್ಪಾಡಿನಿಂದ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕೇ?

ಎಣಿಸಿದ್ದೇ ಬೆಳೆಯುತ್ತದೆ

ಸಂಸ್ಥೆಯ ದೊಡ್ಡ ಗುರಿಯಿಂದ ಪ್ರತಿಯೊಬ್ಬನ ಚಿಕ್ಕ ಗುರಿಯನ್ನು ಹೊರಡಿಸಬೇಕು, ಆ ಗುರಿಯನ್ನು ನಿಶ್ಚಯಿಸುವಾಗ ದುಡಿಯುವವನನ್ನೂ ಕೂಡಿಸಿಕೊಳ್ಳಬೇಕು ಎಂಬ ವಿಚಾರವನ್ನು ಪೀಟರ್ ಡ್ರಕರ್ ಎಂಬ ಪಂಡಿತರು 1954ರಲ್ಲಿ ಆಡಳಿತದ ಕುರಿತ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಹೇಳಿದರು. ಜಗತ್ತಿನ ಕಂಪನಿಗಳು ಅದನ್ನು ಹಿಡಿದುಕೊಂಡವು. ಆದರೆ ಬಹಳ ಕಡೆ ಮೊದಲರ್ಧ ಮಾತ್ರ ಉಳಿಯಿತು. ‘ಟಾರ್ಗೆಟ್’ ಎಂಬ ಅಂಕಿ ಮೇಲಿನಿಂದ ಇಳಿಯಿತು, ಕೇಳುವ ಕಿವಿ ಇಳಿಯಲಿಲ್ಲ.

ಇದರ ಫಲವೇನು? ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಪ್ರತಿಯೊಬ್ಬ ಗ್ರಾಹಕನ ಹೆಸರಿನಲ್ಲಿ ಹೆಚ್ಚು ಹೆಚ್ಚು ಖಾತೆ ತೆರೆಸಬೇಕೆಂಬ ಒತ್ತಡವಿತ್ತು. ನೌಕರರು ಗ್ರಾಹಕರಿಗೆ ತಿಳಿಯದಂತೆಯೇ ಲಕ್ಷಾಂತರ ಖಾತೆಗಳನ್ನು ತೆರೆದರು. 2016ರಲ್ಲಿ ಅದು ಬಯಲಾಗಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಬ್ಯಾಂಕಿಗೆ ಬೇಕಾಗಿದ್ದದ್ದು ಗ್ರಾಹಕರ ನಂಬಿಕೆ. ಎಣಿಸಿದ್ದು ಖಾತೆಗಳನ್ನು. ಖಾತೆ ಬೆಳೆಯಿತು, ನಂಬಿಕೆ ಸತ್ತಿತು.

ಅಷ್ಟು ದೂರ ಹೋಗುವುದೇಕೆ? ಮೈಸೂರು ರಸ್ತೆಯ ಒಂದು ಗಾರ್ಮೆಂಟ್ ಘಟಕವನ್ನು ಊಹಿಸಿಕೊಳ್ಳಿ. ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನ ಮೇಲೆ ಬರೆದಿದ್ದಾರೆ. ಸೂಪರ್‌ವೈಸರ್ ಹಿಂದೆ ನಿಂತು ಕೂಗುತ್ತಾನೆ. ಆ ಸಹೋದರಿ ನೀರು ಕುಡಿಯಲೂ ಏಳದೆ ಪೀಸು ತಳ್ಳುತ್ತಾಳೆ. ಹೊಲಿಗೆ ಬಿಟ್ಟದ್ದು ಚೆಕಿಂಗ್‌ನಲ್ಲಿ ಸಿಕ್ಕಿ ಮರಳಿ ಬರುತ್ತದೆ. ಅಂಕಿ ತುಂಬಿತು, ಆದರೆ ಮಾಲೂ ಕೆಟ್ಟಿತು, ಅವಳ ಆರೋಗ್ಯವೂ ಕೆಟ್ಟಿತು. ಇಲ್ಲಿ ಗೆದ್ದವರು ಯಾರು?

ಮದ್‌ಯನ್‌ನ ಒಪ್ಪಂದ

ಈ ವಿಷಯದಲ್ಲಿ ಪವಿತ್ರ ಕುರ್‌ಆನ್‌ನ ಅಲ್ ಕಸಸ್ ಅಧ್ಯಾಯದಲ್ಲಿ ಬರುವ ಪ್ರವಾದಿ ಮೂಸಾ(ಅ)ರ ವೃತ್ತಾಂತವನ್ನು ಗಮನವಿಟ್ಟು ಅಧ್ಯಯನ ಮಾಡಬೇಕು. ಅವರು ಈಜಿಪ್ಟಿನಿಂದ ತಪ್ಪಿಸಿಕೊಂಡು ನೆಲೆಯಿಲ್ಲದೆ ಮದ್‌ಯನ್‌ಗೆ ಬಂದವರು. ಅಲ್ಲಿನ ವೃದ್ಧರೊಬ್ಬರಿಗೆ ವಯಸ್ಸಾಗಿತ್ತು. ಅವರ ಇಬ್ಬರು ಹೆಣ್ಣುಮಕ್ಕಳೇ ಕುರಿಗಳಿಗೆ ನೀರು ಕುಡಿಸಬೇಕಾಗಿತ್ತು. ಕೆಲಸಕ್ಕೆ ಇಟ್ಟುಕೊಳ್ಳಲು ಯೋಗ್ಯನಾದವನು ಸಮರ್ಥನೂ ವಿಶ್ವಾಸಾರ್ಹನೂ ಆಗಿರಬೇಕೆಂದು ಮಗಳು ತಂದೆಗೆ ಸೂಚಿಸಿದಳು. ಆಮೇಲಾದ ಒಪ್ಪಂದದಲ್ಲಿ ಮೂರು ಅಂಶಗಳಿವೆ.

ಒಂದು, ಅವಧಿ ಸ್ಪಷ್ಟವಾಗಿತ್ತು. ಎಂಟು ವರ್ಷ ಕಡ್ಡಾಯ. ಹತ್ತು ವರ್ಷ ಪೂರೈಸಿದರೆ ಅದು ಮೂಸಾ(ಅ)ರ ಸ್ವಂತ ಇಚ್ಛೆ.

ಎರಡು, ಇಬ್ಬರ ಗುರಿಯೂ ಈಡೇರಿತು. ವೃದ್ಧರಿಗೆ ನಂಬಿಕೆಯ ಕೈ ಸಿಕ್ಕಿತು. ಮೂಸಾ(ಅ)ರಿಗೆ ಆಶ್ರಯವೂ ಸಂಸಾರವೂ ಸಿಕ್ಕಿತು.

ಮೂರು, ನಿನ್ನನ್ನು ಕಷ್ಟಕ್ಕೆ ಗುರಿಪಡಿಸುವ ಉದ್ದೇಶ ನನಗಿಲ್ಲವೆಂದು ಆ ವೃದ್ಧರು ಕೆಲಸ ಆರಂಭವಾಗುವ ಮೊದಲೇ ತಿಳಿಸಿದರು.

ಸ್ಪಷ್ಟತೆ, ಪರಸ್ಪರ ಹಿತ, ಮೃದುತ್ವ. ಇಂದಿನ ಎಷ್ಟು ನೇಮಕಾತಿ ಪತ್ರಗಳಲ್ಲಿ ಈ ಮೂರೂ ಇವೆ?

ದುಡಿಯುವವನ ಹೊಣೆ

ಮಾಲೀಕನ ತಪ್ಪನ್ನು ಎಣಿಸುವಾಗ ನಮ್ಮ ಪಾಲನ್ನು ಮರೆಯಬಾರದು. ಒಪ್ಪಿಕೊಂಡ ವೇಳೆ ಅಮಾನತು. ಕೈಗೆ ಕೊಟ್ಟ ಉಪಕರಣ ಅಮಾನತು. ಲೇತ್ ಮುಂದೆ ನಿಂತ ಯುವಕ ಅಳತೆ ತಪ್ಪಿದ ಜಾಬನ್ನು ಒಳ್ಳೆಯ ಜಾಬುಗಳ ಅಡಿಗೆ ಸರಿಸಿಬಿಟ್ಟರೆ ಅಂದಿನ ಲೆಕ್ಕ ಸರಿಹೋಗಬಹುದು. ಆದರೆ ಅದು ನಾಳೆ ಯಾವುದೋ ಬಸ್ಸಿನ ಬ್ರೇಕಿನೊಳಗೆ ಹೋಗಿ ಕೂರುತ್ತದೆ. ಅಳೆಯುವಾಗ ಕಡಿಮೆ ಮಾಡುವವರಿಗೆ ಬಂದಿರುವ ಎಚ್ಚರಿಕೆ ಅಕ್ಕಿ ಅಳೆಯುವ ಅಂಗಡಿಯವನಿಗೆ ಮಾತ್ರವೇ? ಪೂರ್ತಿ ಕೂಲಿ ಎಣಿಸಿಕೊಂಡು ಅರ್ಧ ಕೆಲಸ ಅಳೆದುಕೊಡುವವನಿಗೂ ಅದು ತಟ್ಟುತ್ತದೆ.

ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಕ್ಕೆ ಒಬ್ಬರನ್ನು ನೇಮಿಸಿದ್ದರು. ಅವರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದು ಎರಡು ಪಾಲು ಮಾಡಿದರು. ಆತ ತನ್ನ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ)ಯವರು ಜನರೆದುರು ಕೇಳಿದ ಸಂದರ್ಭ ಬುಖಾರಿಯಲ್ಲಿ ದಾಖಲಾಗಿದೆ. ಖರೀದಿ ವಿಭಾಗದಲ್ಲಿ ಕುಳಿತು ಕಮಿಷನ್ ಪಡೆಯುವ ಪ್ರತಿಯೊಬ್ಬನೂ ಈ ಪ್ರಶ್ನೆಗೆ ಉತ್ತರ ಹುಡುಕಲಿ.

ಒಂದೇ ಹಡಗಿನ ಎರಡು ಅಂತಸ್ತು

ಹಡಗಿನ ದೃಷ್ಟಾಂತ ನಿಮಗೆ ಗೊತ್ತು. ಕೆಳ ಅಂತಸ್ತಿನವರು ನೀರಿಗಾಗಿ ಮತ್ತೆ ಮತ್ತೆ ಮೇಲೆ ಹತ್ತಿ ಹೋಗಬೇಕಾಗಿತ್ತು. ಮೇಲಿನವರಿಗೆ ತೊಂದರೆ ಕೊಡುವುದು ಬೇಡವೆಂದು ತಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆಯಲು ಯೋಚಿಸಿದರು. ಅವರನ್ನು ಬಿಟ್ಟುಬಿಟ್ಟರೆ ಎಲ್ಲರೂ ಮುಳುಗುವರು, ತಡೆದರೆ ಎಲ್ಲರೂ ಉಳಿಯುವರು ಎಂಬುದು ಪ್ರವಾದಿ(ಸ)ಯವರ ಬೋಧನೆಯ ಸಾರ.

ನಾವು ಇದನ್ನು ಸಾಮಾನ್ಯವಾಗಿ ತೂತು ಕೊರೆಯುವವರಿಗೆ ಹೇಳಿದ ಪಾಠವೆಂದು ಓದುತ್ತೇವೆ. ಆದರೆ ಕೆಳಗಿನವರಿಗೆ ಬಾಯಾರಿಕೆ ಇದ್ದದ್ದು ನಿಜವಲ್ಲವೇ? ಮೇಲಿನವರು ಕೊಡಲಿಯನ್ನು ತಡೆದರೆ ಸಾಲದು, ನೀರನ್ನೂ ಇಳಿಸಬೇಕು. ಕೂಲಿಗಾರನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕು. ಕೆಲಸ ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆಯಿದೆ. ಸಮಾಲೋಚನೆ ಸತ್ಯವಿಶ್ವಾಸಿಗಳ ಲಕ್ಷಣವೆಂದು ಅಶ್ಶೂರಾ ಅಧ್ಯಾಯ ತಿಳಿಸುತ್ತದೆ. ನಮ್ಮ ಸಂವಿಧಾನವೂ ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರು ಪಾಲ್ಗೊಳ್ಳುವಂತೆ ಮಾಡಬೇಕೆಂದು 1976ರಲ್ಲಿ ಸೇರಿಸಿದ 43ಎ ವಿಧಿಯ ಮೂಲಕ ನಿರ್ದೇಶಿಸಿದೆ.

ಎಲ್ಲಿ ನಿಲ್ಲಬೇಕು?

ಸಂಸ್ಥೆಯ ಗುರಿಯೇ ಅನ್ಯಾಯವಾಗಿದ್ದರೆ? ತೂಕ ಕಡಿಮೆ ಮಾಡು, ಸುಳ್ಳು ಬಿಲ್ಲು ಬರೆ, ದೋಷವನ್ನು ಮುಚ್ಚಿಡು ಎಂದರೆ? ಒಳಿತಿನಲ್ಲಿ ಸಹಕರಿಸಬೇಕು, ಪಾಪದಲ್ಲಿ ಸಹಕರಿಸಬಾರದು ಎಂಬುದು ಇಲ್ಲಿ ಮೇರೆ. ಇದು ಹೇಳುವಷ್ಟು ಸುಲಭವಲ್ಲ. ತಿಂಗಳ ಬಾಡಿಗೆ ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದಲೇ ಇಂಥ ಹೊತ್ತಿನಲ್ಲಿ ಒಬ್ಬನನ್ನು ಒಂಟಿಯಾಗಿ ಬಿಡಬಾರದು. ಮೊದಲು ಮೇಲಿನವರಿಗೆ ಸಭ್ಯವಾಗಿ ತಿಳಿಸಲಿ. ಜೊತೆಗಾರರೊಡನೆ ಸೇರಿ ಹೇಳಲಿ. ಆಗದಿದ್ದರೆ ಬೇರೆ ಕೆಲಸ ಹುಡುಕುವಾಗ ಮನೆಯವರು ಬೆನ್ನಿಗೆ ನಿಲ್ಲಲಿ. ‘ಎಷ್ಟು ತಂದೆ?’ ಎಂದು ಮಾತ್ರ ಕೇಳುವ ಮನೆ ತನ್ನವರನ್ನು ಹರಾಮಿನ ಕಡೆಗೆ ತಳ್ಳುತ್ತಿದೆ ಎಂಬುದನ್ನು ಮರೆಯಬಾರದು. ‘ಹೇಗೆ ತಂದೆ?’ ಎಂದೂ ಕೇಳುವ ಮನೆ ಅವರನ್ನು ಕಾಯುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಈ ವಾರ ರಾತ್ರಿ ಊಟದ ನಂತರ ದುಡಿಯುವವರು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಲಿ. ನನ್ನ ದುಡಿಮೆಯಿಂದ ನನಗೇನು ಬೇಕು? ನನ್ನ ಸಂಸ್ಥೆಗೆ ನನ್ನಿಂದ ಏನು ಬೇಕು? ನಾನು ಮಾಡಿದ ವಸ್ತುವನ್ನು ಬಳಸುವ ಅಪರಿಚಿತನಿಗೆ ಏನು ಬೇಕು? ಮೂರೂ ಕೂಡುವ ಜಾಗವನ್ನು ಹುಡುಕಲಿ. ಕೂಡದ ಜಾಗವನ್ನು ಸಂಸ್ಥೆಯವರ ಮುಂದೆ ಇಡುವ ಧೈರ್ಯ ಮಾಡಲಿ. ನಾಲ್ಕೇ ಜನ ಕೆಲಸಗಾರರಿರುವ ಮಾಲೀಕರೂ ಇದನ್ನು ಮಾಡಬೇಕು. ಆ ನಾಲ್ವರ ಮಕ್ಕಳು ಯಾವ ತರಗತಿಯಲ್ಲಿದ್ದಾರೆಂಬುದು ಅವರಿಗೆ ಗೊತ್ತಿದೆಯೇ? ಅಲ್ಲಿಂದಲೇ ಆರಂಭಿಸಲಿ.

ನಮ್ಮಲ್ಲಿ ಪ್ರತಿಯೊಬ್ಬರೂ ಹೊಣೆಗಾರರು, ಪ್ರತಿಯೊಬ್ಬರನ್ನೂ ಅವರ ಹೊಣೆಯ ಕುರಿತು ವಿಚಾರಿಸಲಾಗುವುದು. ಆ ದಿನ ಟಾರ್ಗೆಟ್ ಮುಟ್ಟಿದೆಯಾ ಎಂಬ ಪ್ರಶ್ನೆ ಇರಲಾರದು. ನಮ್ಮ ದುಡಿಮೆಯನ್ನು ಹಲಾಲ್ ಆಗಿಯೂ ಪರರಿಗೆ ಪ್ರಯೋಜನಕಾರಿಯಾಗಿಯೂ ಮಾಡಿಕೊಳ್ಳಲು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.