ಇದೆಯೇ ಎಂದು ಮೊದಲು ಕೇಳು

ಮಗಳೇ,

ಅರ್ಥಶಾಸ್ತ್ರದ ಸಂಶೋಧನೆಗೆ ಈ ರಿಯಲ್ ಅನಾಲಿಸಿಸ್ ಏಕೆ, ಕ್ಯಾಲ್ಕುಲಸ್ ಸಾಲದೇ ಎಂದು ಕೇಳಿದೆಯಲ್ಲ. ಸಾಲದು.

ಒಂದು ಚಿಕ್ಕ ಲೆಕ್ಕ ನೋಡು. 100 ರೂಪಾಯಿಗಿಂತ ಕಡಿಮೆ ಎಷ್ಟನ್ನಾದರೂ ಖರ್ಚು ಮಾಡಬಹುದು, ಪೂರ್ತಿ 100 ಮಾತ್ರ ಮಾಡುವಂತಿಲ್ಲ ಎಂದುಕೋ. ಅತಿ ಹೆಚ್ಚೆಂದರೆ ಎಷ್ಟು? 99 ಎಂದರೆ 99.50 ಇದೆ, ಅದನ್ನು ಹೇಳಿದರೆ 99.99 ಇದೆ. ಪೈಸೆಯನ್ನೂ ಒಡೆಯಬಹುದಾದರೆ ಇದು ಮುಗಿಯುವುದೇ ಇಲ್ಲ, ಗರಿಷ್ಠ ಸಿಗುವುದೂ ಇಲ್ಲ. ಅಕ್ಕಿಯ ಬೆಲೆ ಸೊನ್ನೆಯಾದರೂ ಹಾಗೆಯೇ: ಇನ್ನಷ್ಟು ಬೇಕೆನ್ನುವವನಿಗೆ ಯಾವ ಮೂಟೆಯೂ ಕೊನೆಯದಲ್ಲ. ಬಜೆಟ್ ಗಣಕ್ಕೆ ಅಂಚು ಸೇರಿರಬೇಕು, ಅದಕ್ಕೊಂದು ಮಿತಿ ಇರಬೇಕು, ತುಷ್ಟಿಗುಣದ ಫಂಕ್ಷನ್ ಎಲ್ಲೂ ಜಿಗಿಯಬಾರದು. ಆಗ ಗರಿಷ್ಠ ಇದ್ದೇ ಇರುತ್ತದೆ ಎನ್ನುತ್ತದೆ ವೈರ್‌ಸ್ಟ್ರಾಸ್ ಪ್ರಮೇಯ. ಕ್ಯಾಲ್ಕುಲಸ್ ಹುಡುಕಲು ಹೊರಡುವುದು ಅದಾದ ಮೇಲೆ.

ಮಾರುಕಟ್ಟೆಯ ಸಮತೋಲನದ ಕಥೆಯೂ ಇದೇ. 1870ರ ದಶಕದಲ್ಲಿ ವಾಲ್ರಾ ಸಮೀಕರಣಗಳೆಷ್ಟು, ಅವ್ಯಕ್ತಗಳೆಷ್ಟು ಎಂದು ಎಣಿಸಿ ತೃಪ್ತರಾಗಿದ್ದರು. ಆರೋ ಮತ್ತು ಡೆಬ್ರೂ ಸ್ಥಿರಬಿಂದು ಪ್ರಮೇಯದ ಬಲದಿಂದ ಸಮತೋಲನ ಇದೆ ಎಂದು ತೋರಿಸಿದ್ದು 1954ರಲ್ಲಿ.

ಫೈನಾನ್ಸ್‌ಗೆ ಹೋಗುವುದಾದರೆ ಇನ್ನೂ ಎಚ್ಚರ ಬೇಕು. ಷೇರು ಬೆಲೆಯ ಏರಿಳಿತಕ್ಕೆ ಮಾದರಿಯಾಗಿ ಬಳಸುವ ಬ್ರೌನಿಯನ್ ಚಲನೆಯ ಗೆರೆ ಎಲ್ಲೂ ಕಡಿಯುವುದಿಲ್ಲ, ಆದರೆ ಯಾವ ಬಿಂದುವಿನಲ್ಲೂ ಅದಕ್ಕೆ ಇಳಿಜಾರು ಹೇಳಲಾಗದು. ನೀನು ಪಿಯುಸಿಯಲ್ಲಿ ಕಲಿತ ಚೈನ್ ರೂಲ್ ಅಲ್ಲಿ ಕೈಕೊಡುತ್ತದೆ. ಇಟೊ ಅವರ ಸೂತ್ರ ಬೇಕಾದದ್ದು ಅದಕ್ಕೇ. ಆಪ್ಷನ್ ಬೆಲೆ ಕಟ್ಟುವ 1973ರ ಬ್ಲ್ಯಾಕ್–ಶೋಲ್ಸ್ ಲೆಕ್ಕ ನಿಂತಿರುವುದು ಅದರ ಮೇಲೆ.

ಇನ್ನು ಓದುವ ರೀತಿ. ರುಡಿನ್‌ರ ಪುಸ್ತಕ ಕಠಿಣ ಅನ್ನಿಸಿದರೆ ಬಾರ್ಟಲ್ ಮತ್ತು ಶೆರ್ಬರ್ಟ್‌ರಿಂದ ಶುರುಮಾಡು, ಅದರಲ್ಲಿ ಸಣ್ಣತನವೇನಿಲ್ಲ. ಓದುವ ದಿನಗಳಲ್ಲಿ ನಾನು ಪ್ರಮೇಯಗಳ ಸಾಧನೆಗಳನ್ನು ಬಾಯಿಪಾಠ ಮಾಡಿ ಪಾಸಾದೆ. ಮುಂದೆ ಸ್ವಂತ ಪ್ರಮೇಯ ಬರೆಯಲು ಕೂತಾಗ ಅವುಗಳಲ್ಲಿ ಒಂದೂ ನನ್ನ ನೆರವಿಗೆ ಬರಲಿಲ್ಲ. ಎರಡು ವರ್ಷ ಕೂತು ಮೊದಲಿನಿಂದ ಕಲಿತೆ. ನೀನು ಹಾಗೆ ಮಾಡಬೇಡ. ಪ್ರಮೇಯದ ಷರತ್ತುಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸಲವೂ ಅದು ಬೀಳುವ ಒಂದು ಉದಾಹರಣೆಯನ್ನು ನೀನೇ ಕಟ್ಟು. ಮೇಲಿನ 100 ರೂಪಾಯಿಯದು ಅಂಥದ್ದೇ. ದಿನಕ್ಕೆ ಒಂದೇ ಪುಟ ಸಾಗಿದರೂ ಬೇಸರಿಸಬೇಡ.

ಈ ವಾರ ಹೈನೆ–ಬೊರೆಲ್ ಪ್ರಮೇಯ ಹಿಡಿ. ಪುಸ್ತಕ ಮುಚ್ಚಿಟ್ಟು ಸಾಧನೆ ಬರೆ, ತಡವರಿಸಿದ ಸಾಲಿಗೆ ಗೆರೆ ಎಳೆ. ಭಾನುವಾರ ಬರುವಾಗ ಆ ಹಾಳೆಯನ್ನು ತಿದ್ದದೆ ಹಾಗೆಯೇ ತಾ, ಕೂತು ನೋಡೋಣ.