ಕ್ಯಾಶುಯಲ್ಟಿಯಲ್ಲಿ ರಾತ್ರಿ ಮೂರು ಗಂಟೆ

ಕಳೆದ ಸೆಮ್‌ನಲ್ಲಿ ಬೈಕಿಂದ ಬಿದ್ದ ರೂಮ್‌ಮೇಟನ್ನು ಕರೆದುಕೊಂಡು ರಾತ್ರಿ ಮೂರಕ್ಕೆ ಕ್ಯಾಶುಯಲ್ಟಿಗೆ ಓಡಿದ್ವಿ. ಲೇಟಾಯ್ತು ಅಂತ ಡಾಕ್ಟರ ಮೇಲೆ ರೇಗಿಯೂಬಿಟ್ವಿ. ಅವರು ಹಿಂದಿನ ದಿನ ಬೆಳಗ್ಗೆ ಎಂಟರಿಂದ ಡ್ಯೂಟಿಯಲ್ಲಿದ್ದರು ಅಂತ ನರ್ಸ್ ಆಮೇಲೆ ಹೇಳಿದರು. ಅಂದರೆ 19 ಗಂಟೆ. ಅಷ್ಟು ಹೊತ್ತು ಎಚ್ಚರವಿದ್ದರೆ ಏನಾಗುತ್ತೆ?

ಮೊದಲು ದೇಹ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಪ್ರಯೋಗ ಮಾಡಿ ನೋಡಿದರು. 17 ಗಂಟೆ ನಿದ್ದೆಯಿಲ್ಲದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ 30 ಮಿ.ಗ್ರಾಂ ದಾಟಿದರೆ ಗಾಡಿ ಓಡಿಸುವಂತಿಲ್ಲ!

ಆಮೇಲೆ ಮನಸ್ಸು. ಒಂದು ಬೆಡ್‌ನಲ್ಲಿ ಸಾವಾದ ಕೂಡಲೇ ಪಕ್ಕದ ಬೆಡ್‌ಗೆ ಹೋಗಬೇಕು. ಅಳೋಕೂ ಟೈಮಿಲ್ಲ. ಇಂಥ ಒತ್ತಡ ಮುಗಿಯದಿದ್ದರೆ ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮೂರು ಲಕ್ಷಣ ಹೇಳುತ್ತದೆ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ಎರಡನೆಯದನ್ನೇ ನಾವು 'ಡಾಕ್ಟರಿಗೆ ಅಹಂಕಾರ' ಅಂದುಕೊಳ್ತೀವೇನೋ.

ಯೀಲ್ಡ್ ಸ್ಟ್ರೆಸ್‌ಗಿಂತ ಕಡಿಮೆ ಲೋಡನ್ನೇ ಮತ್ತೆ ಮತ್ತೆ ಹಾಕಿದರೂ ಲೋಹ ಫೆಟೀಗ್‌ನಿಂದ ಬಿರುಕು ಬಿಡುತ್ತದೆ ಅಂತ ಓದಿದ್ದೇವೆ. ಆಗ ಲೋಹವನ್ನು ಬಯ್ಯಲ್ಲ, ಡಿಸೈನ್ ತಿದ್ದುತ್ತೇವೆ. ಇಲ್ಲಿ ಡಿಸೈನ್ ಅಂದರೆ ಡ್ಯೂಟಿ ಪಟ್ಟಿ. ರೆಸಿಡೆಂಟ್ ಡಾಕ್ಟರುಗಳ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದು ಅಂತ ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿದೆ. ಲೋಹದ ಬಿರುಕು ರೆಸ್ಟ್ ಕೊಟ್ಟರೆ ಮುಚ್ಚಲ್ಲ, ಮನುಷ್ಯರು ಚೇತರಿಸಿಕೊಳ್ಳಬಹುದು.

ರೂಮ್‌ಮೇಟ್ ಈಗ ಆರಾಮ. ಅವತ್ತಿನ ಹೊಲಿಗೆ ನೇರವಾಗೇ ಬಿದ್ದಿದೆ. ಥ್ಯಾಂಕ್ಸ್ ಹೇಳೋದು ಮಾತ್ರ ನಾವು ಮರೆತಿದ್ವಿ.